ಬಸವನಗುಡಿ ಬಳಗದಲ್ಲಿ ಕ್ಯಾಶುವಲ್ಟಿ ಜಗಳ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಮೂವತ್ತೊಂದು ಜನ ಇದ್ದೇವೆ. ಮಾತಾಡುವವರು ಐದಾರೇ ಮಂದಿ. ಕ್ಯಾಶುವಲ್ಟಿಗೆ, ಅಂದರೆ ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗಕ್ಕೆ, ಬರುವವರ ಲೆಕ್ಕ ಸರ್ಕಾರಕ್ಕೆ ಹೋಗಬೇಕೋ ಬೇಡವೋ ಅಂತ ಭಾನುವಾರ ಬೆಳಗ್ಗೆ ತಿಂಡಿ ಹೊತ್ತಿಗೆ ಶುರುವಾದ ಜಗಳ ಇದು. ಗುಡ್ ಮಾರ್ನಿಂಗ್ ಹೂವುಗಳನ್ನೂ ಪವನ್ ಅಳಿಸಿದ ಎರಡು ಮೆಸೇಜನ್ನೂ ಬಿಟ್ಟು ಉಳಿದದ್ದನ್ನು ಹಾಗೇ ಹಾಕಿದ್ದೇನೆ. ಎಲ್ಲರನ್ನೂ ಕೇಳಿಯೇ ಹಾಕಿದ್ದು. ದೊಡ್ಡಪ್ಪ ಸ್ವಲ್ಪ ಗೊಣಗಿ ಒಪ್ಪಿದರು.

ದೊಡ್ಡಪ್ಪ: (ಒಂದು ಲಿಂಕ್) ಎಲ್ಲರೂ ಓದಿ. ಅಮೆರಿಕದಲ್ಲಿ ಬಿದ್ದವರು, ಗುಂಡೇಟು ತಿಂದವರು, ಡ್ರಗ್ಸ್ ಓವರ್‌ಡೋಸ್ ಆದವರು, ಯಾರೇ ಎಮರ್ಜೆನ್ಸಿಗೆ ಬಂದರೂ ಹೆಚ್ಚುಕಡಿಮೆ ಒಂದು ದಿನದೊಳಗೆ ಲೆಕ್ಕ ಸರ್ಕಾರಕ್ಕೆ ಹೋಗುತ್ತದೆ. ದೇಶದ ಮುಕ್ಕಾಲು ಪಾಲಿಗಿಂತ ಜಾಸ್ತಿ ಎಮರ್ಜೆನ್ಸಿ ವಿಭಾಗಗಳು ಇದರಲ್ಲಿ ಸೇರಿವೆ. ನಮ್ಮಲ್ಲಿ? ಕೇಳುವವರೇ ಇಲ್ಲ.

ಪವನ್: ದೊಡ್ಡಪ್ಪ, ನಾನು ಆಸ್ಪತ್ರೆಗೆ ಹೋಗಿದ್ದು ಸರ್ಕಾರಕ್ಕೆ ಯಾಕೆ ಗೊತ್ತಾಗಬೇಕು?

ದೊಡ್ಡಪ್ಪ: ಹೆಸರು ಹೋಗುವುದಿಲ್ಲ ಕಣೋ. ವಯಸ್ಸು, ಊರು, ಬಂದ ಹೊತ್ತು, ಏನಾಗಿತ್ತು, ಇಂಥದ್ದಷ್ಟೇ. ಸಾವಿನ ಸರ್ಟಿಫಿಕೇಟು ಎಣಿಸುತ್ತಾ ಕೂತರೆ ತಿಂಗಳುಗಟ್ಟಲೆ ಆಗುತ್ತದೆ. 2016ರ ಜುಲೈನಿಂದ 2017ರ ಸೆಪ್ಟೆಂಬರ್ ಒಳಗೆ ಅಲ್ಲಿ ಓಪಿಯಾಯ್ಡ್ (ಅಫೀಮಿನ ಜಾತಿಯ ಡ್ರಗ್ಸ್) ಓವರ್‌ಡೋಸ್ ಆಗಿ ಎಮರ್ಜೆನ್ಸಿಗೆ ಬಂದವರು 30% ಜಾಸ್ತಿ ಆದರು. ಅದು ಗೊತ್ತಾಗಿದ್ದು ಇಂಥ ಲೆಕ್ಕದಿಂದ. ಯಾವ ಊರಲ್ಲಿ ಏರುತ್ತಿದೆ ಅಂತ ತಿಳಿದರೆ ನಲೋಕ್ಸೋನ್ ಅಲ್ಲಿಗೆ ಕಳಿಸಬಹುದು.

ಅಪ್ಪ: ಅಣ್ಣ, ಅದೇನದು ನಲೋಕ್ಸೋನು?

ದೊಡ್ಡಪ್ಪ: ಆ ಡ್ರಗ್ಸ್‌ನಿಂದ ಉಸಿರು ನಿಲ್ಲುತ್ತದಲ್ಲ, ಅದಕ್ಕೆ ಕೊಡುವ ಮದ್ದು. ಮೂಗಿಗೆ ಸ್ಪ್ರೇ ಹೊಡೆಯುತ್ತಾರೆ.

ಇಷ್ಟರಲ್ಲಿ ರೇಣುಕತ್ತೆ ಟೈಪ್ ಮಾಡುತ್ತಿದ್ದಾರೆ ಅಂತ ಕಾಣಿಸಿತು. ಅತ್ತೆ ಒಂದು ಕ್ಯಾಶುವಲ್ಟಿಯಲ್ಲಿ ಹತ್ತೊಂಬತ್ತು ವರ್ಷ ಸಿಸ್ಟರ್ ಆಗಿದ್ದವರು. ಅವರು ಬರೆಯುವಾಗ ನಾವೆಲ್ಲ ಕಾಯುತ್ತೇವೆ.

ರೇಣುಕತ್ತೆ: ಆ ಲೆಕ್ಕ ಹಾಕುವ ಕಂಪ್ಯೂಟರ್ ಓದುವುದು ಎಮರ್ಜೆನ್ಸಿಯವರು ಅವಸರದಲ್ಲಿ ಗೀಚಿದ ನಾಲ್ಕು ಪದ ತಾನೇ? ಓವರ್‌ಡೋಸ್ ಅನ್ನುವುದಕ್ಕೆ ಓಡಿ (OD) ಅಂತ ಬರೆಯುತ್ತಾರೆ. ಕಣ್ಣಿನ ಡಾಕ್ಟರಿಗೆ ಓಡಿ ಅಂದರೆ ಬಲಗಣ್ಣು. ನಮ್ಮ ಚೀಟಿಯಲ್ಲಿ ಓಡಿ ಅಂದರೆ ದಿನಕ್ಕೊಂದು ಮಾತ್ರೆ. ಅಣ್ಣ, ನಿನ್ನ ಬಿಪಿ ಚೀಟಿ ತೆಗೆದು ನೋಡು. ಆ ಲೆಕ್ಕದಲ್ಲಿ ಬಸವನಗುಡಿ ತುಂಬಾ ಓವರ್‌ಡೋಸೇ.

ಚಿಕ್ಕಮ್ಮ: 😂😂

ದೊಡ್ಡಪ್ಪ: ನಗುವ ವಿಷಯ ಅಲ್ಲ. ವೇಲ್ಸ್ ದೇಶದ ಕಾರ್ಡಿಫ್ ಊರಿನದ್ದು ಓದಿದ್ದೀರಾ? ಜೋನಥನ್ ಶೆಪರ್ಡ್ ಅಂತ, ಮುಖ ದವಡೆ ಆಪರೇಷನ್ ಮಾಡುವ ಡಾಕ್ಟರು. ಹೊಡೆದಾಟದಲ್ಲಿ ಗಾಯ ಆಗಿ ಬರುವ ಎಷ್ಟೋ ಜನರ ವಿಷಯ ಪೊಲೀಸರಿಗೆ ಗೊತ್ತೇ ಇಲ್ಲ ಅಂತ ಅವರು ಕಂಡುಕೊಂಡರು. ಆಮೇಲೆ ಕೌಂಟರಿನಲ್ಲಿ ಕೂರುವವರೇ ಕೇಳಲು ಶುರು ಮಾಡಿದರು: ಎಲ್ಲಿ, ಯಾವಾಗ, ಯಾವುದರಿಂದ. ಹೆಸರು ತೆಗೆದ ಪಟ್ಟಿ ಪೊಲೀಸರಿಗೂ ನಗರಸಭೆಗೂ ಹೋಗುತ್ತದೆ. ಯಾವ ಬಾರ್ ಮುಂದೆ ಯಾವ ಹೊತ್ತಿಗೆ ಅಂತ ತಿಳಿದರೆ ಅಲ್ಲೇ ಗಸ್ತು ಹಾಕಬಹುದಲ್ಲ. ಅಂಥದ್ದೇ ಬೇರೆ ಊರುಗಳ ಜೊತೆ ಹೋಲಿಸಿದರೆ, ಏಟು ತಿಂದು ಆಸ್ಪತ್ರೆಗೆ ಸೇರುವವರು 42% ಕಮ್ಮಿ ಆದರು. 2011ರಲ್ಲಿ ಅಚ್ಚಾಗಿದೆ.

ಪವನ್: ಹೆಸರು ತೆಗೆದರೆ ಸಾಕಾ? ನಮ್ಮ ರಸ್ತೆ, ರಾತ್ರಿ ಹನ್ನೊಂದು, ಹೆಂಗಸು, 34 ವರ್ಷ, ಮುಖಕ್ಕೆ ಏಟು. ಇನ್ನು ಹೆಸರು ಯಾಕೆ? ಎದುರು ಮನೆಯವರಿಗೆ ಇಷ್ಟು ಸಾಕು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ಜನ ಜಡ್ಜ್‌ಗಳು ಹೇಳಿದ್ದಾರೆ. ಆ ಕೇಸು ಹಾಕಿದ ಪುಟ್ಟಸ್ವಾಮಿಯವರು ನಮ್ಮ ಬೆಂಗಳೂರಿನವರೇ, ನಮ್ಮ ಹೈಕೋರ್ಟಿನ ನಿವೃತ್ತ ಜಡ್ಜ್ ಆಗಿದ್ದರು.

ಇಲ್ಲಿ ನನಗೆ ಪವನ್ ಹೇಳಿದ್ದೇ ಸರಿ ಅನ್ನಿಸಿತು. ಸುಮ್ನೆ ಇದ್ದೆ.

ದೊಡ್ಡಪ್ಪ: ಮಿಂಟೋ ಕಣ್ಣಾಸ್ಪತ್ರೆಯವರು ಪ್ರತಿ ದೀಪಾವಳಿಗೆ ಪಟಾಕಿಯಿಂದ ಎಷ್ಟು ಜನರ ಕಣ್ಣಿಗೆ ಗಾಯ ಆಯಿತು ಅಂತ ಹೇಳುತ್ತಾರಲ್ಲ, ಅದನ್ನು ಓದಿ ತಾನೇ ನಿಮ್ಮಮ್ಮ ನಿನಗೆ ಹೂಕುಂಡ ಬಿಟ್ಟು ಬೇರೇನೂ ಕೊಡಿಸದೆ ಇದ್ದದ್ದು? ಆಗ ಯಾರ ಮಾನ ಹೋಯಿತು?

ಚಿಕ್ಕಮ್ಮ: ಹೂಕುಂಡವೂ ಅಪಾಯವೇ ಅಂತ ಆಮೇಲೆ ಗೊತ್ತಾಯಿತು ಭಾವ. ಅದಿರಲಿ, ಹಾವು ಕಡಿದರೆ ಆಸ್ಪತ್ರೆಯವರು ವರದಿ ಮಾಡಲೇಬೇಕು ಅಂತ ಕರ್ನಾಟಕದಲ್ಲಿ 2024ರ ಫೆಬ್ರವರಿಯಲ್ಲೇ ಆಗಿದೆ. ಹಾವು ಕಡಿದದ್ದನ್ನು ಯಾರೂ ಮುಚ್ಚಿಡುವುದಿಲ್ಲ. ಗಂಡ ಹೊಡೆದದ್ದನ್ನು ಮುಚ್ಚಿಡುತ್ತಾರೆ.

ರೇಣುಕತ್ತೆ: ಸರಿಯಾಗಿ ಹೇಳಿದೆ. ಅಣ್ಣ, ಕೇಳುವವರೇ ಇಲ್ಲ ಅನ್ನಬೇಡ. ನಿಮ್ಹಾನ್ಸ್‌ನ ಡಾಕ್ಟರ್ ಗುರುರಾಜ್ ಮತ್ತೆ ಅವರ ಕಡೆಯವರು 2007ರ ಹೊತ್ತಿಗೇ ಈ ಊರಿನ ಇಪ್ಪತ್ತಕ್ಕೂ ಹೆಚ್ಚು ಆಸ್ಪತ್ರೆಗಳನ್ನೂ ಪೊಲೀಸರನ್ನೂ ಸೇರಿಸಿಕೊಂಡು ಗಾಯದ ಲೆಕ್ಕ ಶುರು ಮಾಡಿದ್ದರು. ಕೇಳುವುದು ಕಷ್ಟ ಅಲ್ಲ. ನಿಜ ಹೇಳುವವರು ಬೇಕಲ್ಲ.

ಪವನ್: ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್) ರಿಜಿಸ್ಟರ್ ಇರುತ್ತದಲ್ಲ ಅತ್ತೆ? ಅದೇ ಡೇಟಾ ಅಲ್ವಾ?

ರೇಣುಕತ್ತೆ: ಅದು ಕೋರ್ಟಿಗೆ ಬೇಕಾದ ಪುಸ್ತಕ ಕಣೋ. ಆಕ್ಸಿಡೆಂಟು, ಹೊಡೆದಾಟ, ವಿಷ, ಸುಟ್ಟ ಗಾಯ, ಎಲ್ಲ ಅದರಲ್ಲಿ ಬರೆದು ಸ್ಟೇಷನ್‌ಗೆ ಇಂಟಿಮೇಷನ್ ಕಳಿಸುತ್ತೇವೆ. ಯಾವ ರಸ್ತೆಯಲ್ಲಿ ಎಷ್ಟು ಅಂತ ಕೂಡಿಸಿದವರನ್ನು ನಾನಂತೂ ನೋಡಲಿಲ್ಲ. ಮತ್ತೆ ಎಂಎಲ್‌ಸಿ ಅಂದ ತಕ್ಷಣ ಜನರ ಮುಖ ಬದಲಾಗುತ್ತದೆ.

ರೇಣುಕತ್ತೆ: ಒಂದು ರಾತ್ರಿ ಒಬ್ಬಳು ಬಂದಳು. ಇಪ್ಪತ್ತಾರು ಇಪ್ಪತ್ತೇಳು ಇರಬೇಕು. ಒಂದು ಕೈಯಲ್ಲಿ ಡಜನ್ ಹಸಿರು ಬಳೆ, ಇನ್ನೊಂದರಲ್ಲಿ ಎರಡೇ. ಚೂರು ಮುಂಗೈಯಲ್ಲೇ ಹೊಕ್ಕಿತ್ತು. ಬಾತ್‌ರೂಮಿನಲ್ಲಿ ಜಾರಿದಳು ಅಂತ ಅವಳ ಅತ್ತೆ ಹೇಳಿದರು. ನಾನು ಅವಳನ್ನು ಕೇಳಿದರೂ ಅವರೇ ಹೇಳಿದರು. ಜಾರಿ ಬಿದ್ದರೆ ಎರಡೂ ಮುಂಗೈಯ ಹೊರಬದಿ ಹೀಗೆ ಊದುವುದಿಲ್ಲ. ಅದು ಮುಖ ಕಾಪಾಡಿಕೊಳ್ಳಲು ಕೈ ಅಡ್ಡ ಹಿಡಿದವರ ಏಟು. ಟ್ವೀಜರ್‌ನಲ್ಲಿ ಬಳೆ ಚೂರು ತೆಗೆಯುವಾಗ ಮೆಲ್ಲಗೆ ಕೇಳಿದೆ. ಬಾಗಿಲ ಕಡೆ ನೋಡಿ ತಲೆ ಅಲ್ಲಾಡಿಸಿದಳು. ಹೌದು ಅಂತಲೋ ಬೇಡ ಅಂತಲೋ ಗೊತ್ತಾಗಲಿಲ್ಲ. ಕೇಸ್ ಶೀಟಿನಲ್ಲಿ ಬಿದ್ದಿದ್ದು ಅಂತಲೇ ಹೋಯಿತು. ನಿನ್ನ ಲೆಕ್ಕದಲ್ಲಿ ಅವಳು ಒಂದು ಒದ್ದೆ ಬಾತ್‌ರೂಮು.

ಐದು ನಿಮಿಷ ಯಾರೂ ಏನೂ ಬರೆಯಲಿಲ್ಲ. ಅಪ್ಪ ಒಂದು ಕೈಮುಗಿದ ಚಿತ್ರ ಹಾಕಿದರು. ಅವರಿಗೆ ಬೇರೇನೂ ತೋಚದಿದ್ದಾಗ ಅದನ್ನೇ ಹಾಕುವುದು.

ಪವನ್: ಅಂದರೆ ನಾನು ಹೇಳಿದ್ದೇ ಆಯಿತಲ್ಲ ಅತ್ತೆ. ಬಿಟ್ಟುಬಿಡುವುದೇ ವಾಸಿ.

ರೇಣುಕತ್ತೆ: ಬಿಡು ಅಂತ ಯಾರು ಹೇಳಿದರು? ಎರಡು ಪುಸ್ತಕ ಇಡಿ ಅಂತ ನಾನು. ಹೆಸರಿರುವುದು ಪೊಲೀಸರಿಗೆ. ಹೆಸರಿಲ್ಲದ್ದು ಊರಿಗೆ, ಅದೂ ತಿಂಗಳ ಲೆಕ್ಕ, ವಾರ್ಡ್ ಲೆಕ್ಕ, ನಿನ್ನ ಎದುರು ಮನೆಯವರಿಗೆ ಗೊತ್ತಾಗದ ಹಾಗೆ. ಎರಡನೆಯದಕ್ಕೆ ಕೇಸೂ ಇಲ್ಲ, ಸ್ಟೇಷನ್ನೂ ಇಲ್ಲ ಅಂತ ಜನರಿಗೆ ಗೊತ್ತಿರಬೇಕು. ಮತ್ತೆ ಕೇಳುವಾಗ ಪಕ್ಕದಲ್ಲಿ ಅತ್ತೆ ನಿಂತಿರಬಾರದು. ಆತ್ಮಹತ್ಯೆಗೆ ಪ್ರಯತ್ನ ಪಟ್ಟವರ ಮೇಲೆ ಹಾಕುತ್ತಿದ್ದ 309ನೇ ಕಲಂ 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ ಇಲ್ಲ. ಆದರೂ ಮನೆಯವರು ಈಗಲೂ ಮಾತ್ರೆ ಅದಲುಬದಲಾಯಿತು ಅಂತಲೇ ಹೇಳುತ್ತಾರಂತೆ. ಹಳೇ ಭಯ.

ದೊಡ್ಡಪ್ಪ: ಜನ ಸುಳ್ಳು ಹೇಳಿದರೆ ಲೆಕ್ಕದ ತಪ್ಪಾ? ವಿದ್ಯಾವಂತರಾದರೂ ನಿಜ ಹೇಳಬೇಕು.

ಆಗ ದೊಡ್ಡಮ್ಮನ ವಾಯ್ಸ್ ಮೆಸೇಜ್ ಬಂತು. ದೊಡ್ಡಮ್ಮ ಗುಂಪಿನಲ್ಲಿ ಮಾತಾಡುವುದು ವರ್ಷಕ್ಕೆ ಎರಡು ಸಲ, ಯುಗಾದಿಗೆ ಮತ್ತು ಗೌರಿ ಹಬ್ಬಕ್ಕೆ. ಹಿಂದೆ ಕುಕ್ಕರ್ ಕೂಗುತ್ತಿತ್ತು. ಕೇಳಿಸಿದಷ್ಟು ಬರೆದಿದ್ದೇನೆ:

"ಕಳೆದ ದೀಪಾವಳಿಗೆ ಮುಂಚೆ ಇವರು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರಲ್ಲ, ಮೆಟ್ಟಿಲಿಂದ ಜಾರಿದೆ ಅಂತ. ಯಾವ ಮೆಟ್ಟಿಲೂ ಇಲ್ಲ. ಸ್ಕೂಟರಿನಿಂದ ಬಿದ್ದಿದ್ದು. ಆಸ್ಪತ್ರೆಯಲ್ಲಿ ಆ ಹುಡುಗಿ ಹೇಗಾಯಿತು ಅಂದಾಗ ನನ್ನ ಕೈ ಚಿವುಟಿದರು. ಲೈಸೆನ್ಸ್ ಮುಗಿದು ಎರಡು ವರ್ಷ ಆಗಿತ್ತು."

ಹನ್ನೊಂದು ನಿಮಿಷ ಸದ್ದಿಲ್ಲ.

ರೇಣುಕತ್ತೆ: ಅಣ್ಣ, ಎಲ್ಲಿ?

ದೊಡ್ಡಪ್ಪ: ಏನು ಎಲ್ಲಿ?

ರೇಣುಕತ್ತೆ: ಮೂರು ಪ್ರಶ್ನೆ. ನೀನೇ ಹೇಳಿದ್ದು. ಎಲ್ಲಿ?

ದೊಡ್ಡಪ್ಪ: ಹಿಂದಿನ ಕ್ರಾಸು. ಹಾಲಿನ ಬೂತ್ ಮುಂದೆ.

ರೇಣುಕತ್ತೆ: ಯಾವಾಗ?

ದೊಡ್ಡಪ್ಪ: ರಾತ್ರಿ ಒಂಬತ್ತೂವರೆ. ಬೀದಿದೀಪ ಇರಲಿಲ್ಲ.

ರೇಣುಕತ್ತೆ: ಯಾವುದರಿಂದ?

ದೊಡ್ಡಪ್ಪ: ಗುಂಡಿ. ನೀರು ತುಂಬಿತ್ತು, ಕಾಣಲಿಲ್ಲ.

ಪವನ್: ಅಯ್ಯೋ, ಅಲ್ಲೇ! ನಮ್ಮ ಪಕ್ಕದ ಮನೆ ಆಂಟಿ ಈ ಜೂನ್‌ನಲ್ಲಿ ಮಗನ ಗಾಡಿಯಿಂದ ಬಿದ್ದಿದ್ದು ಅಲ್ಲೇ.

ಅಪ್ಪ: ಅವರು ಆಸ್ಪತ್ರೆಯಲ್ಲಿ ಏನು ಬರೆಸಿದರು?

ಪವನ್: ಬಟ್ಟೆ ಒಣಹಾಕುವಾಗ ಜಾರಿದರು ಅಂತ. ಮಗನೇ ಬರೆಸಿದ್ದು.

ಚಿಕ್ಕಮ್ಮ: ಗುಂಡಿ ಈಗಲೂ ಇದೆಯಾ ಅಕ್ಕ?

ದೊಡ್ಡಮ್ಮ: ಇದೆ. ಯಾರೋ ಬಾಳೆಕಂದು ನೆಟ್ಟಿದ್ದಾರೆ. ಎರಡು ಎಲೆ ಬಿಟ್ಟಿದೆ.