ಕಪ್ಪು-ಬಿಳುಪು ಶಾಯಿ ಎಷ್ಟು ಬೇಗ ಮಾಸುತ್ತದೆ: ಮನೆಯಲ್ಲೇ ಪರೀಕ್ಷಿಸಬಹುದೇ?

ಬೂದುಗಣ್ಣು:
ಮೈಸೂರಿನ ನಮ್ಮ ಸ್ಟುಡಿಯೊದಲ್ಲಿ ಹಳೆಯ ಮದುವೆ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿ ಇಂಕ್‌ಜೆಟ್‌ನಲ್ಲಿ ಮುದ್ರಿಸಿಕೊಡುತ್ತೇನೆ. ಎಷ್ಟು ವರ್ಷ ಬಾಳುತ್ತದೆ ಎಂದು ಗಿರಾಕಿಗಳು ಕೇಳಿದಾಗ ಡಬ್ಬಿಯ ಮೇಲಿನ ಮಾತನ್ನೇ ಒಪ್ಪಿಸಲು ಮನಸ್ಸು ಬರುವುದಿಲ್ಲ. ನನ್ನಲ್ಲಿ ಕಾರ್ಬನ್ ಪಿಗ್ಮೆಂಟ್ ಶಾಯಿಯೂ (ಇಂಗಾಲದ ಸಣ್ಣ ಕಣಗಳಿರುವುದು) ಇದೆ, ಅಗ್ಗದ ಡೈ ಶಾಯಿಯೂ (ಬಣ್ಣ ದ್ರವದಲ್ಲೇ ಕರಗಿರುವುದು) ಇದೆ. ದುಬಾರಿ ಯಂತ್ರವಿಲ್ಲದೆ ಇವೆರಡನ್ನು ಹೋಲಿಸುವುದು ಹೇಗೆ?

ಕಿಟಕಿಪಟ್ಟಿ:
ಬಿಳುಪಿನಿಂದ ಕಪ್ಪಿನವರೆಗೆ 21 ಹಂತಗಳ ಪಟ್ಟಿಯನ್ನು ಎರಡರಲ್ಲೂ ಮುದ್ರಿಸಿ, ಚೆನ್ನಾಗಿ ಒಣಗಿಸಿ. ಉದ್ದಕ್ಕೂ ಅರ್ಧ ಭಾಗವನ್ನು ಅಲ್ಯೂಮಿನಿಯಂ ಹಾಳೆಯಿಂದ ಮುಚ್ಚಿ ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ. ದಿನ ಎಣಿಸಬೇಡಿ, ಆಷಾಢದ ವಾರವೂ ಚೈತ್ರದ ವಾರವೂ ಒಂದೇ ಅಲ್ಲ. ಪಕ್ಕದಲ್ಲಿ ಬ್ಲೂ ವೂಲ್ ಪಟ್ಟಿ ಇಡಿ. ಅದರಲ್ಲಿ 1ರಿಂದ 8ರವರೆಗೆ ನೀಲಿ ಉಣ್ಣೆಯ ತುಂಡುಗಳಿರುತ್ತವೆ. ಒಂದೊಂದೂ ಹಿಂದಿನದಕ್ಕಿಂತ ಸುಮಾರು ಎರಡು ಪಟ್ಟು ತಾಳುತ್ತದೆ. ಎಷ್ಟನೇ ತುಂಡಿನವರೆಗೆ ಮಾಸಿದೆ ಎಂದು ನೋಡಿದರೆ ಬಿದ್ದ ಬೆಳಕಿನ ಲೆಕ್ಕ ಅದರಲ್ಲೇ ಸಿಗುತ್ತದೆ.

ಹಳೇರೀಲು:
ಕಡುಗಪ್ಪನ್ನು ನೋಡುತ್ತಾ ಕೂರಬೇಡಿ, ಅದು ಮೋಸ ಮಾಡುತ್ತದೆ. ನಡುವಿನ ಬೂದು ಹಂತಗಳನ್ನು ನೋಡಿ. ಕಾರ್ಬನ್ ಸುಲಭಕ್ಕೆ ಮಾಸದು, ಆದರೆ ಅದರ ಕಂದು ಛಾಯೆಯನ್ನು ಮರೆಸಲು ಬೆರೆಸುವ ಬಣ್ಣದ ಪಿಗ್ಮೆಂಟ್‌ಗಳು ಮೊದಲು ಸೋಲುತ್ತವೆ. ಮುದ್ರಿಸದ ಕಾಗದವನ್ನೂ ಒಂದು ತುಂಡು ಇಡಿ. ಹೆಚ್ಚು ಬಿಳಿಯಾಗಿ ಕಾಣಲೆಂದು ಹೊಳಪುಕಾರಕ ಬೆರೆಸಿದ ಕಾಗದ ತಾನೇ ಹಳದಿಯಾಗಿ ಶಾಯಿಯ ಮೇಲೆ ಅಪವಾದ ಹೊರಿಸುತ್ತದೆ.

ಬೂದುಗಣ್ಣು:
ಕಿಟಕಿಯ ಗಾಜು ಅಡ್ಡಿಯಾಗುವುದಿಲ್ಲವೇ?

ಕಿಟಕಿಪಟ್ಟಿ:
ಅತಿನೇರಳೆಯ ಒಂದು ಪಾಲನ್ನು ತಡೆಯುತ್ತದೆ, ಇರಲಿ ಬಿಡಿ. ನಿಮ್ಮ ಗಿರಾಕಿಗಳೂ ಗಾಜಿನ ಚೌಕಟ್ಟಿನಲ್ಲೇ ತಾನೆ ತೂಗುಹಾಕುವುದು? ಡೈ ಶಾಯಿಯ ಇನ್ನೊಂದು ಪ್ರತಿಯನ್ನು ಗಾಳಿಯಾಡುವ ಕತ್ತಲೆಯ ಕಪಾಟಿನಲ್ಲಿಡಿ. ಅದೂ ಮಾಸಿದರೆ ತಪ್ಪು ಬಿಸಿಲಿನದಲ್ಲ, ಗಾಳಿಯಲ್ಲಿರುವ ಓಝೋನ್‌ನಂಥ ಅನಿಲದ್ದು.