ಪದಚರ್ಚೆ: ಇದ್ದಿಲು ಆರ್ಸೆನಿಕ್ಕನ್ನು 'ಹೀರುತ್ತದೆ' ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕುಡಿಯುವ ನೀರಿನಿಂದ ಆರ್ಸೆನಿಕ್ ಎಂಬ ವಿಷವನ್ನು ತೆಗೆಯುವ ಇದ್ದಿಲಿನ ಫಿಲ್ಟರ್ ಬಗ್ಗೆ ಕನ್ನಡದಲ್ಲೊಂದು ಕೈಪಿಡಿ ಸಿದ್ಧವಾಗುತ್ತಿದೆ. ಬರೆಯುವವರು ಶಿವಮೊಗ್ಗ, ಸಾಗರದ ಕಡೆಯವರು. ಓದಬೇಕಾದವರು ರಾಯಚೂರು, ಯಾದಗಿರಿಯವರು. ಅಲ್ಲಿನ ಚಿನ್ನದ ಗಣಿ ಸೀಮೆಯ ಕೆಲವು ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಇದೆ. ಎರಡೂ ಕಡೆ ಸಲ್ಲುವ ಪದಗಳು ಬೇಕು.

ಕರಡಿನಲ್ಲಿ 'ಇದ್ದಿಲು ಆರ್ಸೆನಿಕ್ ಹೀರಿಕೊಳ್ಳುತ್ತದೆ' ಎಂದಿದೆ. ಹೀರುವುದೆಂದರೆ ಬಟ್ಟೆ ನೀರು ಕುಡಿದ ಹಾಗೆ, ಒಳಗೆಲ್ಲ ಇಳಿಯಬೇಕು. ಹಿಂಡಿದರೆ ಹೊರಗೆ ಬರಬೇಕು. ಇಲ್ಲಿ ನಡೆಯುವುದು ಅದಲ್ಲ. ಆರ್ಸೆನಿಕ್ ಇದ್ದಿಲಿನ ಸಣ್ಣ ರಂಧ್ರಗಳ ಗೋಡೆಗೆ ಅಂಟಿ ನಿಲ್ಲುತ್ತದೆ. ಹೀಗೆ ಅಂಟುವುದಕ್ಕೆ 'ಅಧಿಶೋಷಣೆ' ಎಂಬ ಪದ ಶಾಸ್ತ್ರಕ್ಕೆ ಸರಿ, ಆದರೆ ಫಿಲ್ಟರ್ ನೋಡಿಕೊಳ್ಳುವವರ ಬಾಯಿಗೆ ಹತ್ತುವುದಿಲ್ಲ. 'ಹಿಡಿಯುತ್ತದೆ' ಸಾಕು ಅನ್ನಿಸುತ್ತದೆ.

ಬರಿ ಇದ್ದಿಲಂತೂ ಆರ್ಸೆನಿಕ್ಕನ್ನು ಸರಿಯಾಗಿ ಹಿಡಿಯುವುದೂ ಇಲ್ಲ. ಕರಟದ ಇದ್ದಿಲನ್ನು ಫೆರಿಕ್ ಕ್ಲೋರೈಡ್ ಎಂಬ ಕಬ್ಬಿಣದ ಲವಣದ ದ್ರಾವಣದಲ್ಲಿ ನೆನೆಸಿ, ಕಾಸ್ಟಿಕ್ ಸೋಡಾ ಹನಿಸಿ ಹುಳಿ ಮುರಿದಾಗ ರಂಧ್ರಗಳೊಳಗೆ ಕಬ್ಬಿಣದ ತುಕ್ಕು ಕೂರುತ್ತದೆ. ಆಮೇಲೆ ನೀರು ತಿಳಿಯಾಗುವ ತನಕ ತೊಳೆದು ಒಣಗಿಸಬೇಕು. ಆರ್ಸೆನಿಕ್ ಹಿಡಿಯುವುದು ಈ ತುಕ್ಕು. ಕಬ್ಬಿಣದ ಅಂಶವಿರುವ ಬಾವಿನೀರನ್ನು ರಾತ್ರಿಯಿಡೀ ಕೊಡದಲ್ಲಿಟ್ಟರೆ ತಳದಲ್ಲಿ ಕೆಂಪು ಗಸಿ ನಿಲ್ಲುತ್ತದಲ್ಲ, ಅದೇ ಜಾತಿಯದು. ಇದಕ್ಕೆ 'ಕಬ್ಬಿಣ ಲೇಪಿತ ಇದ್ದಿಲು' ಎಂದು ಬರೆದಿದ್ದಾರೆ. ಲೇಪ ಹೊರಮೈಗೆ ಬಳಿಯುವಂಥದ್ದು. ನೂಲಿಗೆ ಬಣ್ಣ ಊಡಿಸುವಂತೆ 'ಕಬ್ಬಿಣ ಊಡಿಸಿದ ಇದ್ದಿಲು' ಎಂದರೆ ಕೆಲಸವೇ ಕಣ್ಣಿಗೆ ಕಟ್ಟುತ್ತದೆ.

ಹೆಚ್ಚು ತೊಡಕಾಗಿರುವುದು ಇನ್ನೊಂದು ಪದ. ಫಿಲ್ಟರ್ ಕೈಕೊಟ್ಟಾಗ ಎಲ್ಲರೂ 'ಕಟ್ಟಿಕೊಂಡಿದೆ' ಅನ್ನುತ್ತಾರೆ. ಕಟ್ಟಿಕೊಂಡರೆ ನೀರಿನ ಹರಿವು ಸಣ್ಣದಾಗುತ್ತದೆ. ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸಿ ಗಸಿ ತೊಳೆದರೆ ಸರಿಹೋಗುತ್ತದೆ. ಹಿಡಿಯುವ ಜಾಗಗಳೆಲ್ಲ ಮುಗಿದಾಗ ಹೀಗಾಗುವುದಿಲ್ಲ. ನೀರು ಮೊದಲಿನಷ್ಟೇ ಜೋರಾಗಿ, ತಿಳಿಯಾಗಿ ಬರುತ್ತದೆ, ರುಚಿ ವಾಸನೆ ಬದಲಾಗುವುದಿಲ್ಲ, ಆರ್ಸೆನಿಕ್ ಮಾತ್ರ ಅದರ ಜೊತೆಗೇ ದಾಟಿಬಿಡುತ್ತದೆ. ನೀರಲ್ಲಿರುವ ಫಾಸ್ಫೇಟ್, ಸಿಲಿಕೇಟ್ ಕೂಡ ಅದೇ ಜಾಗಗಳಲ್ಲಿ ಕೂರುವುದರಿಂದ ಲೆಕ್ಕ ಹಾಕಿದ್ದಕ್ಕಿಂತ ಬೇಗ ಈ ಸ್ಥಿತಿ ಬರುತ್ತದೆ. ತೊಳೆದರೂ ಉಪಯೋಗವಿಲ್ಲ. ಹೊರಬರುವ ನೀರನ್ನು ಪರೀಕ್ಷಿಸಿಯೇ ತಿಳಿಯಬೇಕು, ಲೀಟರಿಗೆ 0.01 ಮಿಲಿಗ್ರಾಂ ದಾಟಿದರೆ ಇದ್ದಿಲು ಬದಲಿಸಬೇಕು. ಎರಡಕ್ಕೂ ಒಂದೇ ಪದ ಬಳಸಿದರೆ, ತೊಳೆದಾಯಿತಲ್ಲ ಎಂಬ ಧೈರ್ಯದ ಮೇಲೆ ಜನ ವಿಷ ಕುಡಿಯುತ್ತಾರೆ.

ಹಿಡಿಯುವ ಜಾಗ ಮುಗಿದ ಈ ಸ್ಥಿತಿಗೆ 'ಸಂತೃಪ್ತ' ಎಂಬ ಸಲಹೆ ಬಂದಿದೆ. ಊಟ ಮಾಡಿ ತೃಪ್ತಿಯಾದ ಅರ್ಥವೇ ಮೊದಲು ಹೊಳೆಯುವುದರಿಂದ ಬೇಡ. ಬಸ್ಸಿನ ಸೀಟು ತುಂಬಿದಾಗ ಹೇಳುವ 'ಭರ್ತಿಯಾಗಿದೆ' ನನಗೆ ಹಿಡಿಸಿದೆ: ಕೂರಲು ಜಾಗವಿಲ್ಲ, ಬಂದವರು ಹೊರಗೇ ಉಳಿಯುತ್ತಾರೆ. ಆದರೆ ಯಾದಗಿರಿ ಕಡೆ 'ಫಿಲ್ಟರ್ ಭರ್ತಿಯಾಗಿದೆ' ಎಂದರೆ ನೀರು ತುಂಬಿದೆ ಎಂದು ತಿಳಿದುಕೊಳ್ಳುತ್ತಾರೆಯೇ? ಆ ಭಾಗದವರು ದಯವಿಟ್ಟು ಹೇಳಿ.