ಸ್ಟ್ಯಾಂಡರ್ಡ್ ಸ್ಟಾರ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಕ್ಷತ್ರಗಳ ಬೆಳಕನ್ನು ಅಳೆಯುವ ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ‘ಸ್ಟ್ಯಾಂಡರ್ಡ್ ಸ್ಟಾರ್’ ಅನ್ನೋದಕ್ಕೆ ಒಳ್ಳೆಯ ಪದ ಬೇಕು. ಸ್ಥಿರ ನಕ್ಷತ್ರ, ಪ್ರಮಾಣ ನಕ್ಷತ್ರ, ಒರೆ ನಕ್ಷತ್ರ, ಈ ಮೂರು ಸದ್ಯಕ್ಕೆ ಹೊಳೆದಿವೆ.

ಮೊದಲು ಅದರ ಕೆಲಸ ಹೇಳಿಬಿಡುತ್ತೇನೆ. ದೂರದರ್ಶಕದ ಕ್ಯಾಮೆರಾ ಕೊಡುವುದು ಬಿದ್ದ ಬೆಳಕಿನ ಬರೀ ಎಣಿಕೆ. ಕನ್ನಡಿಯ ಧೂಳು, ಫಿಲ್ಟರು, ಆ ರಾತ್ರಿಯ ಗಾಳಿ, ಯಾವುದು ಬದಲಾದರೂ ಎಣಿಕೆ ಬದಲಾಗುತ್ತದೆ. ಅದಕ್ಕೇ ಕಾಂತಿಮಾನ (ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು) ಮೊದಲೇ ಗೊತ್ತಿರುವ ನಕ್ಷತ್ರವನ್ನೂ ಅದೇ ರಾತ್ರಿ, ಅದೇ ಫಿಲ್ಟರಿನಲ್ಲಿ ಅಳೆಯುತ್ತಾರೆ. ನಮ್ಮ ನಕ್ಷತ್ರದ ಎಣಿಕೆ ಅದರ ಎಣಿಕೆಯ ನೂರನೇ ಒಂದು ಪಾಲು ಬಂದರೆ ನಮ್ಮದು 5 ಕಾಂತಿಮಾನದಷ್ಟು ಮಂಕು ಎಂದರ್ಥ. ಗೊತ್ತಿರುವ ನಕ್ಷತ್ರವನ್ನು ನೆತ್ತಿಯ ಮೇಲಿದ್ದಾಗ ಒಮ್ಮೆ, ಕೆಳಗಿಳಿದಾಗ ಇನ್ನೊಮ್ಮೆ ನೋಡುತ್ತಾರೆ. ನೆತ್ತಿಯಿಂದ 60 ಡಿಗ್ರಿ ಇಳಿದರೆ ಬೆಳಕು ದಾಟಬೇಕಾದ ಗಾಳಿ ಎರಡರಷ್ಟಾಗುತ್ತದೆ. ಎಷ್ಟು ಮಂಕಾಯಿತು ನೋಡಿದರೆ ಗಾಳಿ ನುಂಗಿದ ಬೆಳಕಿನ ಲೆಕ್ಕ ಸಿಗುತ್ತದೆ. ಇಂಥ ನಕ್ಷತ್ರಗಳಿಗೆ ಅಮೆರಿಕದ ಖಗೋಳಜ್ಞ ಲ್ಯಾಂಡೋಲ್ಟ್ 1992ರಲ್ಲಿ ಕೊಟ್ಟ ಪಟ್ಟಿ ಇಂದಿಗೂ ಹೆಸರುವಾಸಿ. ಅದರ ನಕ್ಷತ್ರಗಳು ಖಗೋಳದ ಸಮಭಾಜಕದ (ಭೂಮಿಯ ಸಮಭಾಜಕದ ನೇರಕ್ಕೆ ಆಕಾಶದಲ್ಲಿರುವ ಗೆರೆ) ಸುತ್ತ ಇರುವುದರಿಂದ ಲಡಾಖಿನ ಹಾನ್ಲೆ ವೀಕ್ಷಣಾಲಯದಿಂದಲೂ ಕಾಣುತ್ತವೆ, ಚಿಲಿಯಿಂದಲೂ ಕಾಣುತ್ತವೆ.

ಸ್ಥಿರ ನಕ್ಷತ್ರ ಅನ್ನೋದು ನನಗಂತೂ ಬೇಡ. ಗ್ರಹಗಳಂತೆ ಅಲೆಯದ ನಕ್ಷತ್ರಗಳಿಗೆಲ್ಲ ಆ ಹೆಸರು ಹಿಂದಿನಿಂದಲೂ ಇದೆ. ಅಲ್ಲದೆ ಜಾಗ ಬಿಟ್ಟು ಕದಲದಂತೆ ಕಾಣುವ ಧ್ರುವವನ್ನೇ ನೋಡಿ. ಒಂದು ಕಾಲಕ್ಕೆ ಅದನ್ನೇ 2ನೇ ಕಾಂತಿಮಾನದ ಅಳತೆಗೆ ಇಟ್ಟುಕೊಂಡಿದ್ದರು. ಅದರ ಬೆಳಕು ಸುಮಾರು 4 ದಿನಕ್ಕೊಮ್ಮೆ ಏರಿಳಿಯುತ್ತದೆ ಎಂದು 1911ರಲ್ಲಿ ಡೆನ್ಮಾರ್ಕಿನ ಖಗೋಳಜ್ಞ ಹರ್ಟ್ಸ್‌ಸ್ಪ್ರುಂಗ್ ತೋರಿಸಿದರು.

ಪ್ರಮಾಣ ನಕ್ಷತ್ರ ಪರವಾಗಿಲ್ಲ. ಆದರೆ ಮಕ್ಕಳಿಗೆ ಪ್ರಮಾಣ ಅಂದರೆ ಆಣೆ, ಇಲ್ಲವೇ ಎಷ್ಟು ಅನ್ನೋ ಲೆಕ್ಕ.

ಒರೆ ನಕ್ಷತ್ರದ ಕಡೆಗೇ ನನ್ನ ಮನಸ್ಸು ಜಾಸ್ತಿ ವಾಲಿದೆ. ಅಕ್ಕಸಾಲಿಗರು ಒರೆ ಹಚ್ಚುವುದನ್ನು ಹತ್ತಿರದಿಂದ ನೋಡಿ. ಕಪ್ಪು ಕಲ್ಲಿನ ಮೇಲೆ ಗಿರಾಕಿಯ ಚಿನ್ನ ಉಜ್ಜುತ್ತಾರೆ. ಪಕ್ಕದಲ್ಲೇ ಮಟ್ಟ ಗೊತ್ತಿರುವ ಚಿನ್ನದ ಕಡ್ಡಿಯನ್ನೂ ಉಜ್ಜುತ್ತಾರೆ. ಆಸಿಡ್ ಸವರಿ ಎರಡೂ ಗೆರೆಗಳನ್ನು ಹೋಲಿಸುತ್ತಾರೆ. ಇಲ್ಲಿ ಕಲ್ಲು ಅಂದರೆ ದೂರದರ್ಶಕ. ನಾವು ಹೆಸರಿಡಬೇಕಾದ ನಕ್ಷತ್ರ ಆ ಕಡ್ಡಿಯ ಜಾಗದಲ್ಲಿದೆ, ಅಲ್ವಾ? ಒರೆ ಅಂದಕೂಡಲೇ ಓದುಗರಿಗೆ ಕಲ್ಲೇ ನೆನಪಾದರೆ ಅರ್ಥ ಕೆಡುತ್ತದೆ.

ನಿಮ್ಮ ಊರಿನ ಅಕ್ಕಸಾಲಿಗರು ಆ ಕಡ್ಡಿಗೆ ಏನೆನ್ನುತ್ತಾರೆ? ದಯವಿಟ್ಟು ಊರಿನ ಹೆಸರಿನ ಜೊತೆ ತಿಳಿಸಿ. ಏರಿಳಿಯುವ ನಕ್ಷತ್ರದ ಪಕ್ಕದಲ್ಲಿ, ಅದೇ ಚಿತ್ರದಲ್ಲಿ ಸಿಗುವ ಇನ್ನೊಂದಕ್ಕೆ ‘ಹೋಲಿಕೆ ನಕ್ಷತ್ರ’ ಎಂದು ಬಳಸುತ್ತಿದ್ದೇನೆ. ಎರಡೂ ಬೇರೆ ಬೇರೆ, ಹಾಗಾಗಿ ಆ ಪದವನ್ನು ಇದಕ್ಕೆ ಸೂಚಿಸಬೇಡಿ.